ಐಬು ಕೇಳಿದರೆ ಐಬನ್ನೇ ಹೇಳು

ಅಕ್ಕಾ, ನಮ್ಮೂರು ಬೆಳ್ಳೂರು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದೇನೆ. ಹೈಸ್ಕೂಲ್‌ವರೆಗೆ ಓದಿದ್ದು ಕನ್ನಡ ಮೀಡಿಯಂ. ಬೆಂಗಳೂರಿನ ಒಂದು ಆಸ್ಪತ್ರೆಗೆ ಇಂಟರ್‌ವ್ಯೂಗೆ ಹೋಗಿದ್ದೆ. ವಿಷಯದ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟೆ. ಕೊನೆಗೆ 'ನಿಮ್ಮ ವೀಕ್‌ನೆಸ್ ಏನು?' ಅಂದರು. ತಮ್ಮ ಯೂಟ್ಯೂಬ್ ನೋಡಿ ಹೇಳಿಕೊಟ್ಟಿದ್ದ ಹಾಗೆ 'ಐ ಆಮ್ ಎ ಪರ್ಫೆಕ್ಷನಿಸ್ಟ್' ಅಂದೆ. ಒಬ್ಬರು ನಕ್ಕು, 'ಒಂದು ಉದಾಹರಣೆ ಕೊಡಮ್ಮ' ಅಂದರು. ಬಾಯಿ ಕಟ್ಟಿಹೋಯಿತು. ಕೆಲಸ ಸಿಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಡೆ ಇದೆ. ನಿಜ ಹೇಳಿದರೆ ಕೆಲಸ ಕೊಡ್ತಾರಾ? ಇಂಗ್ಲಿಷ್ ಬರಲ್ಲ ಅಂತ ಮೊದಲೇ ಹೇಳಿಬಿಡಲಾ? ಮೊದಲ ವರ್ಷ ಅನಾಟಮಿ ಹೋಗಿತ್ತು, ಅದನ್ನು ಕೆದಕಿದರೆ ಏನನ್ನಲಿ? ಮದುವೆ ವಿಚಾರ, ಒರಿಜಿನಲ್ ಸರ್ಟಿಫಿಕೇಟ್ ವಿಚಾರ ಕೂಡ ಕೇಳ್ತಾರಂತೆ.
— ಹೆಸರು ಬೇಡ, ಬೆಳ್ಳೂರು

ಅಕ್ಕಾ ಅಂದಿದ್ದೀಯಲ್ಲ, 'ನೀನು' ಅಂತಲೇ ಬರೆಯುತ್ತೇನೆ.

ತಮ್ಮನನ್ನು ಬಯ್ಯಬೇಡ. ಆ ಉತ್ತರವನ್ನು ಊರೂರಿನ ಹುಡುಗರೂ ಬಾಯಿಪಾಠ ಮಾಡಿದ್ದಾರೆ. ತೊಂದರೆ ಏನೆಂದರೆ, ಹೇಮಗಿರಿ ದನಗಳ ಜಾತ್ರೆಯಲ್ಲಿ ಎತ್ತು ಮಾರುವವನು 'ಇದಕ್ಕಿರೋದು ಒಂದೇ ಐಬು ಸ್ವಾಮಿ, ವಿಪರೀತ ಉಳ್ತದೆ' ಅಂದರೆ ಕೊಳ್ಳುವವನು ಹಗ್ಗ ಬಿಟ್ಟು ಮೊದಲು ಹಲ್ಲು ಹಿಡಿದು ನೋಡುತ್ತಾನೆ. ನಿನಗೂ ಅದೇ ಆಯಿತು. 'ಉದಾಹರಣೆ ಕೊಡಮ್ಮ' ಅಂದದ್ದೇ ಹಲ್ಲು ನೋಡುವ ಕೆಲಸ.

ಆಸ್ಪತ್ರೆಯವರು ಈ ಪ್ರಶ್ನೆ ಯಾಕೆ ಕೇಳುತ್ತಾರೆ ಅನ್ನುವುದನ್ನು ತಿಳಿದುಕೊ. ಸಾಫ್ಟ್‌ವೇರ್ ಕಂಪನಿಯವರು ಕೇಳುವುದೇ ಬೇರೆ, ನರ್ಸಿಂಗ್ ಸೂಪರಿಂಟೆಂಡೆಂಟ್ ಕೇಳುವುದೇ ಬೇರೆ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 'ಟು ಎರ್ ಈಸ್ ಹ್ಯೂಮನ್' ಅನ್ನುವ ವರದಿ ತಂದಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂದು ಅದು ಅಂದಾಜು ಮಾಡಿತ್ತು. ತಪ್ಪು ಮಾಡಿದವರನ್ನು ಹಿಡಿದು ದಂಡಿಸುತ್ತ ಕೂತರೆ ಉಳಿದವರು ತಪ್ಪು ಮುಚ್ಚಿಡಲು ಕಲಿಯುತ್ತಾರೆ, ಹೇಳಿಕೊಳ್ಳಲು ದಾರಿ ಮಾಡಿಕೊಡಿ ಅನ್ನುವುದು ಅದರ ತಿರುಳು. ಇವತ್ತು ನಮ್ಮಲ್ಲೂ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳ ವಾರ್ಡಿನಲ್ಲಿ ಇನ್ಸಿಡೆಂಟ್ ರಿಪೋರ್ಟ್ ಬರೆಯುವ ಪದ್ಧತಿ ಇದೆ. ತಪ್ಪಾದ ಇಂಜೆಕ್ಷನ್ ಕೈಗೆತ್ತಿಕೊಂಡು, ರೋಗಿಗೆ ಕೊಡುವ ಮೊದಲೇ ಗೊತ್ತಾಗಿ ಇಳಿಸಿದರೆ, ಅದನ್ನೂ ಬರೆಯಬೇಕು. ಹಾಗಾಗಿ 'ನಿಮ್ಮ ವೀಕ್‌ನೆಸ್ ಏನು' ಅಂದಾಗ ಆ ಮೇಜಿನಾಚೆ ಕೂತವರ ಮನಸ್ಸಿನಲ್ಲಿ ಇರುವುದು ಇಷ್ಟೇ: ಈ ಹುಡುಗಿ ರಾತ್ರಿ ಪಾಳಿಯಲ್ಲಿ ಎಡವಿದರೆ ನಮಗೆ ಹೇಳ್ತಾಳಾ, ಮುಚ್ಚಿಡ್ತಾಳಾ? 'ನಾನು ಎಲ್ಲವನ್ನೂ ಸರಿಯಾಗೇ ಮಾಡುವವಳು' ಅಂದವಳು ಅವರ ಕಣ್ಣಿಗೆ ಮುಚ್ಚಿಡುವವಳ ಹಾಗೆ ಕಾಣುತ್ತಾಳೆ.

ಹಾಗೆಂದು ಇದ್ದದ್ದನ್ನೆಲ್ಲ ಸುರಿಯಬೇಕಾಗಿಲ್ಲ. 'ಬೇಗ ಏಳಲ್ಲ', 'ಕೋಪ ಜಾಸ್ತಿ', 'ರಕ್ತ ನೋಡಿದರೆ ತಲೆ ಸುತ್ತುತ್ತದೆ' ಎಂದರೆ ಅಲ್ಲಿಗೆ ಮುಗಿಯಿತು. ಲೆಕ್ಕದಲ್ಲಿ ಹಿಂದೆ ಇದ್ದರೂ ಹೇಳಬೇಡ. ಅದನ್ನು ಮನೆಯಲ್ಲೇ ಸರಿಮಾಡಿಕೊಂಡು ಹೋಗು. 500 ಎಂ.ಎಲ್. ಡ್ರಿಪ್ 4 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಎಂ.ಎಲ್.ಗೆ 20 ಹನಿ, ನಿಮಿಷಕ್ಕೆ ಎಷ್ಟು ಅಂದರೆ ಪೆನ್ನು ಹುಡುಕದೆ 'ಸುಮಾರು 42' ಅನ್ನಬೇಕು. ಕೆಲಸದ ಜೀವಾಳಕ್ಕೆ ಪೆಟ್ಟು ಬೀಳದಂಥ, ಆದರೆ ನಿಜವಾಗಿ ನಿನ್ನನ್ನು ಕಾಡಿದ, ನೀನು ಈಗಾಗಲೇ ಕೈ ಹಾಕಿ ತಿದ್ದುತ್ತಿರುವ ಒಂದೇ ಒಂದು ಕೊರತೆಯನ್ನು ಆರಿಸಿಕೊ.

ನಿನ್ನ ಪತ್ರ ನೋಡಿದರೆ ಅದು ನಿನ್ನ ಹತ್ತಿರವೇ ಇದೆ, ಹೆಸರು ಮಾತ್ರ ತಪ್ಪಿಟ್ಟಿದ್ದೀಯ. 'ಇಂಗ್ಲಿಷ್ ಬರಲ್ಲ' ಅನ್ನಬೇಡ. ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು ಪಾಸಾದವಳಿಗೆ ಬರದೆ ಏನು? ಬಾಯಿ ಕಟ್ಟುವುದು ಎಲ್ಲಿ, ಅದನ್ನು ಹುಡುಕು. ಇಂಟರ್ನ್‌ಶಿಪ್ಪಿನಲ್ಲಿ ನೋಡಿರ್ತೀಯ, ರಾತ್ರಿ ಎರಡು ಗಂಟೆಗೆ ನಿದ್ದೆಯಲ್ಲಿರುವ ಡಾಕ್ಟರಿಗೆ ಫೋನ್ ಮಾಡಿ ರೋಗಿಯ ಸ್ಥಿತಿ ಹೇಳುವಾಗ ಹೊಸಬರೆಲ್ಲ ತಡವರಿಸುತ್ತಾರೆ. ಇಂಗ್ಲಿಷ್ ಮನೆಮಾತಿನವರೂ ತಡವರಿಸುತ್ತಾರೆ. ಇಲ್ಲದಿದ್ದರೆ ಎಸ್‌ಬಾರ್ ಅನ್ನುವ ಕ್ರಮವೇ ಬೇಕಾಗುತ್ತಿರಲಿಲ್ಲ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು ಅದು. ಈಗ ಏನಾಗಿದೆ, ಹಿನ್ನೆಲೆ ಏನು, ನಿನ್ನ ಅಂದಾಜೇನು, ಏನು ಆಗಬೇಕು — ನಾಲ್ಕೇ ಮಾತು, ಅದೇ ಸಾಲಿನಲ್ಲಿ.

ನಿನ್ನ ಅನುಭವ ಇದಕ್ಕೆ ಹೊಂದಿದರೆ ಹೀಗೆ ಹೇಳಬಹುದು: 'ಡಾಕ್ಟರಿಗೆ ಫೋನಿನಲ್ಲಿ ವರದಿ ಮಾಡುವಾಗ ಗಾಬರಿಯಾಗಿ ಮುಖ್ಯ ವಿಷಯ ಕೊನೆಗೆ ಹೇಳ್ತಿದ್ದೆ ಮೇಡಂ. ಒಮ್ಮೆ ಸ್ಟಾಫ್ ನರ್ಸ್ ನನ್ನ ಕೈಯಿಂದ ಫೋನ್ ತಗೊಂಡು ತಾವೇ ಮಾತಾಡಿದರು. ಆಮೇಲಿಂದ ಫೋನ್ ಮಾಡುವ ಮೊದಲು ಎಸ್‌ಬಾರ್ ಪ್ರಕಾರ ನಾಲ್ಕು ಸಾಲು ಬರೆದುಕೊಳ್ತೀನಿ. ಈಗಲೂ ಎದೆ ಹೊಡ್ಕೊಳ್ತದೆ, ಆದರೆ ವಿಷಯ ತಪ್ಪಲ್ಲ.' ಆ ಕೊನೆಯ ವಾಕ್ಯ ಬಿಡಬೇಡ. 'ಈಗ ಪೂರ್ತಿ ಸರಿಹೋಗಿದೆ' ಅಂದರೆ ಮತ್ತೆ ಎತ್ತಿನ ಕಥೆಯೇ. ಉದಾಹರಣೆ ಕೇಳಿದರೆ ಇಡಿಯಾಗಿ ಹೇಳು: 'ಆರನೇ ಬೆಡ್, ಹೊಟ್ಟೆ ಆಪರೇಷನ್ ಆಗಿ ಎರಡನೇ ದಿನ, ಬಿ.ಪಿ. 90/60ಕ್ಕೆ ಇಳಿದಿದೆ, ನಾಡಿ 120, ಒಳಗೆ ರಕ್ತ ಸೋರುತ್ತಿರುವ ಅನುಮಾನ, ತಕ್ಷಣ ಬಂದು ನೋಡಬೇಕು.' ಇದು ನನ್ನ ಮಾದರಿ. ನಿನ್ನ ವಾರ್ಡಿನಲ್ಲಿ ನಿಜಕ್ಕೂ ನಡೆದದ್ದನ್ನೇ ಹೇಳಬೇಕು, ರೋಗಿಯ ಹೆಸರು ಬರಬಾರದು. ನನ್ನದನ್ನೇ ಉರು ಹೊಡೆದು ಹೋದರೆ ತಮ್ಮನ ಯೂಟ್ಯೂಬಿಗೂ ನನಗೂ ವ್ಯತ್ಯಾಸ ಇರುವುದಿಲ್ಲ. ಮೊದಲು ಕನ್ನಡದಲ್ಲಿ ಹೇಳಿ ಹೇಳಿ ಹದ ಮಾಡಿಕೊ, ಇಂಗ್ಲಿಷ್ ಆಮೇಲೆ. ಕನ್ನಡಿ ಮುಂದೆ ಬೇಡ; ಕೆಲಸದಲ್ಲಿರುವ ಸೀನಿಯರ್ ಒಬ್ಬಳ ಮುಂದೆ ಕೂತು ಹೇಳು. ಅವಳು ಅಡ್ಡ ಪ್ರಶ್ನೆ ಹಾಕುತ್ತಾಳೆ, ಕನ್ನಡಿ ಹಾಕುವುದಿಲ್ಲ.

ಕನ್ನಡ ಮೀಡಿಯಂ ಅನ್ನುವುದನ್ನು ಕೊರತೆಯ ಪಟ್ಟಿಯಿಂದ ತೆಗೆದುಹಾಕು. ಬೆಳ್ಳೂರು ಕ್ರಾಸಿನ ಬಿ.ಜಿ. ನಗರದಲ್ಲಿ ಮೆಡಿಕಲ್ ಕಾಲೇಜು ಶುರುವಾದದ್ದು 1986ರಲ್ಲಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ರೈತಾಪಿ ಜನ ಓಪಿಡಿ ಮುಂದೆ ಕಾಯುವುದನ್ನು ನೋಡುತ್ತಲೇ ಬೆಳೆದವಳು ನೀನು. 'ಎದೆ ಹಿಡ್ಕಂಡಂಗಾಯ್ತದೆ ಕಣವ್ವ' ಎಂದು ಒಬ್ಬ ಅಜ್ಜಿ ಅಂದರೆ ಇಸಿಜಿ ಯಂತ್ರ ತರಲು ಓಡಬೇಕು ಅನ್ನುವುದು ನಿನಗೆ ಯಾರೂ ಅನುವಾದ ಮಾಡದೆಯೇ ಗೊತ್ತು. ಹೊರ ರಾಜ್ಯಗಳಿಂದ ಬಂದ ನರ್ಸ್‌ಗಳು ಬೆಂಗಳೂರಿನಲ್ಲಿ ಅದನ್ನು ಕಷ್ಟಪಟ್ಟು ಕಲಿಯುತ್ತಾರೆ. ಶಕ್ತಿ ಏನು ಅಂದಾಗ ಇದನ್ನು ಹೇಳು.

ಅನಾಟಮಿಗೆ ಒಂದೇ ವಾಕ್ಯ ಸಾಕು: 'ಹೋಗಿತ್ತು, ಮತ್ತೆ ಕಟ್ಟಿ ಪಾಸ್ ಮಾಡಿದೆ.' ಪೇಪರ್ ಕಷ್ಟ ಇತ್ತು, ವ್ಯಾಲ್ಯುಯೇಷನ್ ಸರಿ ಇರಲಿಲ್ಲ ಅಂತ ಶುರು ಮಾಡಿದೆಯೋ, ಅವರು ಅನಾಟಮಿ ಬಿಟ್ಟು ನಿನ್ನನ್ನೇ ನೋಡಲು ತೊಡಗುತ್ತಾರೆ. 'ಇನ್ನೊಂದು ವೀಕ್‌ನೆಸ್ ಹೇಳಿ' ಅಂದರೆ ಚಿಕ್ಕದೊಂದನ್ನು ಹೇಳಿ ಸುಮ್ಮನಾಗು.

ಈ ಪ್ರಶ್ನೆಯೇ ಬೇಡ ಅನ್ನಿಸಿದರೆ, ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಯುವ ನಾರ್‌ಸೆಟ್‌ನಲ್ಲಿ ಸಂದರ್ಶನ ಇಲ್ಲ, ಪರೀಕ್ಷೆಯ ಅಂಕವೇ ಎಲ್ಲ. ಅದಕ್ಕೂ ಓದುತ್ತಿರು.

ಮದುವೆ ಪ್ರಶ್ನೆ ಕೇಳಬಾರದ್ದು, ಆದರೂ ಕೇಳುತ್ತಾರೆ. ಜಗಳಕ್ಕೆ ಹೋಗಬೇಡ, ಮನೆ ಕಥೆಯನ್ನೂ ಬಿಚ್ಚಬೇಡ. 'ಪಾಳಿ ಕೆಲಸಕ್ಕೆ ತಯಾರಾಗೇ ಬಂದಿದ್ದೀನಿ ಮೇಡಂ' ಅಂದುಬಿಡು. ಇನ್ನು ಒರಿಜಿನಲ್ ಸರ್ಟಿಫಿಕೇಟ್: ಪರಿಶೀಲನೆಗೆ ತೋರಿಸು, ಜೆರಾಕ್ಸ್‌ಗೆ ಸಹಿ ಹಾಕಿ ಕೊಡು. ಒರಿಜಿನಲ್ ನಮ್ಮ ಹತ್ತಿರವೇ ಇರಲಿ ಅಂದರೆ ಸಂಬಳ ಎಷ್ಟೇ ಹೇಳಿದರೂ ಬಿಟ್ಟು ಬರಬೇಡ, ವಾಪಸ್ ಬ್ಯಾಗಿಗೆ ಹಾಕಿಕೊಂಡು ಬೆಳ್ಳೂರಿನ ಬಸ್ ಹತ್ತು.