ಗಿಲ್ಡ್ ಸೇರುವ ಮುನ್ನ ಗಡಿಯಾರ ನೋಡಿ

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಗಡಿ ಊರಲ್ಲಿ ಸಂಜೆ ಕಟ್ಟೆ ಮೇಲೆ ಮೊಬೈಲ್ ಹಿಡಿದು ಕೂತ ಹುಡುಗರನ್ನು ‘ಏನ್ ಮಾಡ್ಲಾಕತ್ತೀರಪಾ?’ ಅಂತ ಕೇಳಿ ನೋಡಿ. ಒಬ್ಬ ‘ಗಿಲ್ಡ್ ವಾರ್ ಅದ ಕಾಕಾ’ ಅಂದಾನು. ಉಳಿದವರು ತಲೆಯನ್ನೇ ಎತ್ತಲಿಕ್ಕಿಲ್ಲ. ಫ್ರೀ ಫೈರ್ ಮ್ಯಾಕ್ಸ್‌ನವರು ಗಿಲ್ಡ್ ಅನ್ನುತ್ತಾರೆ, ಬಿಜಿಎಂಐ ಮತ್ತು ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಆಡುವವರು ಕ್ಲ್ಯಾನ್ ಅನ್ನುತ್ತಾರೆ. ಎರಡೂ ಒಟ್ಟಿಗೆ ಆಡಲು ಕಟ್ಟಿಕೊಂಡ ತಂಡವೇ.

ಆಟಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವ ಗಿಲ್ಡ್‌ಗೆ ಅರ್ಜಿ ಹಾಕುತ್ತಾರೆ. ಹೇಗೋ ಒಳಗೆ ಹೋದರೂ ಬಹಳ ದಿನ ನಿಲ್ಲುವುದಿಲ್ಲ. ಆಟ ಬರುವುದಿಲ್ಲ ಎಂದೇನಲ್ಲ, ಗಿಲ್ಡ್ ಆಡುವ ಹೊತ್ತಿಗೂ ಇವರ ಮನೆಯ ಹೊತ್ತಿಗೂ ಹೊಂದುವುದಿಲ್ಲ. ಆದ್ದರಿಂದ ವೇಳೆ ಮೊದಲು ನೋಡಿ, ಲೆವೆಲ್ ಆಮೇಲೆ.

1. ನೆಟ್‌ವರ್ಕ್ ನೋಡಿ ಆಟ ಆರಿಸಿ. ಗಡಿ ಊರುಗಳಲ್ಲಿ ಮನೆಯೊಳಗೆ ಒಂದು ಟವರ್, ಅಂಗಳಕ್ಕೆ ಬಂದರೆ ಮಹಾರಾಷ್ಟ್ರದ ಟವರ್. ಫ್ರೀ ಫೈರ್ ಮ್ಯಾಕ್ಸ್, ಬಿಜಿಎಂಐ ಎರಡೂ ಆ ಕ್ಷಣಕ್ಕೆ ಆ ಕ್ಷಣವೇ ನಡೆಯುವ ಆಟ. ಪಿಂಗ್ (ನೆಟ್‌ವರ್ಕ್ ತಡವಾಗುವ ಅಳತೆ) ಕೆಂಪಾದರೆ ನೀವು ಗುಂಡು ಹಾರಿಸುವ ಮೊದಲೇ ಸತ್ತಿರುತ್ತೀರಿ, ಜೊತೆಗಿದ್ದ ಮೂವರು ನಿಮ್ಮನ್ನು ಬೈಯುತ್ತಿರುತ್ತಾರೆ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್‌ನಲ್ಲಿ ಒಂದು ದಾಳಿ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ಯಾವಾಗ ಮಾಡಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ, ಮಾಳಿಗೆ ಮೇಲೆ ಸಿಗ್ನಲ್ ಸಿಕ್ಕಾಗ ಹತ್ತಿ ಮಾಡಿ ಬರಬಹುದು. ನೆಟ್‌ವರ್ಕ್ ನಂಬಲಾಗದ ಮನೆಯವರು ಎರಡನೆಯ ಬಗೆಯ ಆಟ ಹಿಡಿಯುವುದು ಲೇಸು.

2. ನಿಮ್ಮ ಒಂದು ವಾರವನ್ನು ಕಾಗದದ ಮೇಲೆ ಬರೆಯಿರಿ. ಭಾಲ್ಕಿ ಕಾಲೇಜಿಗೆ ಬಸ್ ಎಷ್ಟಕ್ಕೆ, ಮರಳುವುದು ಎಷ್ಟಕ್ಕೆ, ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯೋ ಹಗಲೋ, ಮನೆಯಲ್ಲಿ ಫೋನು ಒಂದೇ ಇದ್ದರೆ ಅದು ನಿಮ್ಮ ಕೈಗೆ ಬರುವುದು ಯಾವಾಗ? ಇದರ ಜೊತೆ ವರ್ಷದ ಲೆಕ್ಕವೂ ಇರಲಿ. ಮಿರ್ಗ, ಅಂದರೆ ಮೃಗಶಿರಾ ಮಳೆ, ಹೊಕ್ಕು ಬಿತ್ತನೆ ಶುರುವಾದರೆ, ಮುಂದೆ ಸೋಯಾ ರಾಶಿ ಬಂದರೆ, ಒಕ್ಕಲು ಮನೆಯ ಹುಡುಗನಿಗೆ ವಾರಗಟ್ಟಲೆ ಪುರುಸೊತ್ತು ಇರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗ್ ಹೊಲಕ್ಕೆ ಬಂದ ದಿನವಂತೂ ಕೇಳುವುದೇ ಬೇಡ. ಇದನ್ನೆಲ್ಲ ಸೇರುವಾಗಲೇ ಹೇಳಿ. ‘ರಾಶಿ ಮುಗಿಯೂತನಾ ಬರಂಗಿಲ್ಲ’ ಎಂದರೆ ‘ಆಯ್ತು’ ಅನ್ನುವ ಗಿಲ್ಡ್ ಬೇಕು ನಿಮಗೆ.

3. ‘ಯುದ್ಧ ಎಷ್ಟು ಗಂಟೆಗೆ ಹೂಡ್ತೀರಿ?’ ಅಂತ ಕೇಳಿ. ಹೊಸಬರು ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ. ಕ್ಲ್ಯಾಶ್‌ನ ಸಾಮಾನ್ಯ ಯುದ್ಧಕ್ಕೆ 23 ಗಂಟೆ ತಯಾರಿ, ಆಮೇಲೆ 24 ಗಂಟೆ ಕದನ, ಒಬ್ಬರಿಗೆ ಎರಡು ದಾಳಿ. ನಾಯಕ ಶನಿವಾರ ರಾತ್ರಿ ಒಂಬತ್ತಕ್ಕೆ ಹೂಡಿದ ಎನ್ನಿ. ರವಿವಾರ ಇಡೀ ದಿನ ನಿಮಗೆ ಬಿಡುವು, ಆದರೆ ಅದು ತಯಾರಿಯ ದಿನ, ಹೊಡೆಯುವ ಹಾಗಿಲ್ಲ. ಕದನ ತೆರೆಯುವುದು ರವಿವಾರ ರಾತ್ರಿ ಎಂಟಕ್ಕೆ, ಮುಗಿಯುವುದು ಸೋಮವಾರ ರಾತ್ರಿ ಎಂಟಕ್ಕೆ. ಸೋಮವಾರ ಹಗಲು ನೀವು ಬಸ್ಸಿನಲ್ಲಿ, ಕ್ಲಾಸಿನಲ್ಲಿ. ರವಿವಾರ ರಾತ್ರಿ ಊಟ ಮುಗಿಸಿ ಅರ್ಧ ಗಂಟೆ, ಸೋಮವಾರ ಸಂಜೆ ಒಂದು ಗಂಟೆ ಸಿಕ್ಕರೆ ಈ ಗಿಲ್ಡ್ ನಿಮಗೆ ಹೊಂದುತ್ತದೆ. ಅದೇ ನಾಯಕ ಮಧ್ಯಾಹ್ನ ಎರಡಕ್ಕೆ ಹೂಡುವವನಾದರೆ ಕೊನೆಯ ಗಂಟೆ ಮಧ್ಯಾಹ್ನವೇ ಬರುತ್ತದೆ. ಎದುರಾಳಿಯ ಯಾವ ಊರು ಉಳಿದಿದೆ, ಯಾರು ಹೊಡೆಯಬೇಕು ಎಂಬ ಗಡಿಬಿಡಿಯೆಲ್ಲ ಆ ಕೊನೆಯ ಗಂಟೆಯಲ್ಲೇ. ಆಗ ನಿಮ್ಮ ಫೋನು ಬ್ಯಾಗಿನಲ್ಲಿ.

ಕ್ಲ್ಯಾಶ್‌ನ ಲೀಗ್ ಯುದ್ಧ ಇನ್ನೂ ಬಿಗಿ. ಎಂಟು ಕ್ಲ್ಯಾನ್, ಏಳು ದಿನ, ದಿನಕ್ಕೆ ಒಬ್ಬರಿಗೆ ಒಂದೇ ದಾಳಿ. 15 ಮಂದಿಯ ತಂಡದಲ್ಲಿ ಒಬ್ಬ ತಪ್ಪಿಸಿದರೂ ಎದ್ದು ಕಾಣುತ್ತದೆ. ಪರೀಕ್ಷೆ ಇದ್ದ ವಾರ ನಿಮ್ಮ ಹೆಸರಿನ ಮುಂದಿನ ಯುದ್ಧದ ಗುರುತನ್ನು ಕೆಂಪಿಗೆ ತಿರುಗಿಸಿ. ಕೆಂಪು ಗುರುತಿನವರನ್ನೂ ಕೇಳದೆ ಯುದ್ಧಕ್ಕೆ ಎಳೆಯುವ ನಾಯಕನಿದ್ದರೆ ಆ ಕ್ಲ್ಯಾನ್ ಬೇಡ.

4. ಅರ್ಜಿ ಹಾಕುವ ಮುಂಚೆ ಕ್ಲ್ಯಾನ್‌ನ ಪುಟ ಓದಿ. ಹೆಸರು, ಲಾಂಛನ ನೋಡಿ ಮರುಳಾಗಬೇಡಿ, ಅವನ್ನು ಯಾರು ಬೇಕಾದರೂ ಮಾಡುತ್ತಾರೆ. ವಾರಕ್ಕೆ ಎಷ್ಟು ಯುದ್ಧ ಎಂದು ಬರೆದಿದ್ದಾರೆ ನೋಡಿ. ಯುದ್ಧದ ದಾಖಲೆ ಎಲ್ಲರಿಗೂ ತೆರೆದಿಟ್ಟಿದ್ದರೆ ಅದನ್ನೂ ನೋಡಿ. ಆಮೇಲೆ ಸದಸ್ಯರ ಪಟ್ಟಿಗೆ ಬನ್ನಿ. ಪ್ರತಿ ಹೆಸರಿನ ಎದುರು ಈ ಸೀಸನ್‌ನಲ್ಲಿ ಎಷ್ಟು ಪಡೆ ದಾನ ಕೊಟ್ಟರು, ಎಷ್ಟು ಪಡೆದರು ಎಂಬ ಅಂಕಿ ಇರುತ್ತದೆ. ನಾಯಕನ ಎದುರು ಪಡೆದದ್ದು 600, ಕೊಟ್ಟದ್ದು 12 ಎಂದಿದ್ದರೆ ಹೆಚ್ಚು ಯೋಚಿಸುವುದೇ ಬೇಡ. ಕೆಳಗಿನ ಹತ್ತು ಹೆಸರಿನ ಎದುರೂ ಬರೀ ಸೊನ್ನೆ ಇದ್ದರೆ ಅವರು ಆಟ ಬಿಟ್ಟು ಹೋದವರು, ಪಟ್ಟಿಯಲ್ಲಷ್ಟೇ ಇದ್ದಾರೆ. ಒಂದು ಕ್ಲ್ಯಾನ್‌ನಲ್ಲಿ 50 ಮಂದಿಗೆ ಜಾಗವಿದೆ. 50 ತುಂಬಿ 15 ಮಂದಿ ಆಡುವ ಕ್ಲ್ಯಾನ್‌ಗಿಂತ 22 ಮಂದಿಯಿದ್ದು 20 ಮಂದಿ ಕೊಟ್ಟು ತಗೊಳ್ಳುವ ಕ್ಲ್ಯಾನ್ ಎಷ್ಟೋ ಪಾಲು ಮೇಲು.

ಇನ್ನೊಂದು ಮಾತು. ಯುದ್ಧ ನಡೆದಿರುವಾಗ ಒಳಗೆ ಹೋದವರಿಗೆ ಆ ಯುದ್ಧದಲ್ಲಿ ದಾಳಿ ಸಿಗುವುದಿಲ್ಲ. ಹಾಗೆ ಹೋಗಿ ಸುಮ್ಮನೆ ನೋಡುತ್ತ ಕೂರುವುದೂ ಒಳ್ಳೆಯದೇ. ಸೋಲುವಾಗ ಚಾಟ್‌ನಲ್ಲಿ ಏನು ಮಾತು ನಡೆಯುತ್ತದೆ ಎಂದು ಖರ್ಚಿಲ್ಲದೆ ತಿಳಿಯುತ್ತದೆ.

5. ಚಾಟ್‌ನ ಭಾಷೆ ನಿಮ್ಮ ನಾಲಿಗೆಗೆ ಬರಲಿ. ಬೀದರ್ ಕಡೆಯವರಿಗೆ ಇದು ಭಾರವಲ್ಲ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಸೀಮೆ ಇದು. ಇಲ್ಲಿನವರು ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಉರ್ದು ಬೆರೆಸಿ ಮಾತಾಡಬಲ್ಲರು. ಮಹಾರಾಷ್ಟ್ರದ ಉದಗೀರ್, ನಿಲಂಗಾ ಕಡೆಯ ಹುಡುಗರ ಗಿಲ್ಡ್ ಆದರೂ, ಔರಾದಿನವರದಾದರೂ ನಡೆಯುತ್ತದೆ. ಆದರೆ ಬಿಜಿಎಂಐನಲ್ಲಿ ಎದುರಿನ ಮನೆಯಿಂದ ಗುಂಡು ಬರುವಾಗ ‘ಎಡಕ್ಕ, ಎಡಕ್ಕ!’ ಎಂದದ್ದು ಪಕ್ಕದವನಿಗೆ ತಿಳಿಯಬೇಕು. ಬೇರೆ ದೇಶದವರ ಗಿಲ್ಡ್‌ನಲ್ಲಿ ಭಾಷೆಯ ತೊಡಕಿನ ಜೊತೆ ಗಡಿಯಾರದ ತೊಡಕೂ ಸೇರುತ್ತದೆ.

6. ದೊಡ್ಡ ಗಿಲ್ಡ್‌ನ ಶಿಸ್ತಿಗೆ ಬೆಲೆಯಿದೆ, ಅದನ್ನು ತೆರುವವರು ನೀವೇ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಮೋಲ್ಟನ್ ಕೋರ್ ಎಂಬ ಗುಹೆಗೆ 40 ಮಂದಿ ಒಟ್ಟಿಗೆ ನುಗ್ಗಬೇಕಿತ್ತು. ನಲವತ್ತು ಮನೆಗಳ ಊಟದ ಹೊತ್ತು ಹೊಂದಿಸುವುದೆಂದರೆ ಹುಡುಗಾಟವಲ್ಲ. ಹಾಜರಿ ಪುಸ್ತಕ, ಅಂಕ, ರಜೆಗೆ ಮುಂಗಡ ಸೂಚನೆ, ಹೀಗೆ ಗಿಲ್ಡ್‌ಗಳು ಕಚೇರಿಗಳಂತೆ ನಡೆಯತೊಡಗಿದವು. ಹಾಗೆ ಆಡಲು ಇಷ್ಟವಿದ್ದವರು ಆಡಲಿ. ನಿಮಗೆ ದಿನಕ್ಕೆ ಸಿಗುವುದು ಒಂದೇ ಗಂಟೆ ಎಂದಾದರೆ ಸಣ್ಣ ಗಿಲ್ಡ್ ಸಾಕು.

7. ಲೀಗ್‌ನ ಬೋನಸ್ ಯಾರಿಗೆ ಹೋಯಿತು ಅಂತ ವಿಚಾರಿಸಿ. ಕ್ಲ್ಯಾಶ್ ಲೀಗ್ ಮುಗಿದಾಗ ಹೆಚ್ಚುವರಿ ಪದಕ ಕೆಲವರಿಗಷ್ಟೇ ಸಿಗುತ್ತದೆ. ಯಾರಿಗೆ ಎನ್ನುವುದು ನಾಯಕ, ಉಪನಾಯಕರ ಕೈಯಲ್ಲಿ. ಹೆಚ್ಚು ನಕ್ಷತ್ರ ತಂದವರಿಗೆ ಕೊಟ್ಟರೋ, ನಾಯಕನ ಮಾವನ ಮಗನಿಗೆ ಕೊಟ್ಟರೋ? ಹಳೆಯ ಸದಸ್ಯನೊಬ್ಬನನ್ನು ಮೆಲ್ಲಗೆ ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾನೆ. ಪಂಚಾಯಿತಿ ರಾಜಕೀಯ ಆಟದೊಳಗೂ ಇರುತ್ತದೆ.

8. ದುಡ್ಡು ಕೇಳಿದರೆ ಎದ್ದು ಬನ್ನಿ. ಸಂಘಕ್ಕೆ ವಂತಿಗೆ ಕೊಡುವುದು ಹಳೆಯ ಪದ್ಧತಿ ನಿಜ. ಐಹೊಳೆಯ ಹೆಸರು ಹೊತ್ತ ಐನೂರ್ವರ ವರ್ತಕ ಸಂಘ ಸಮುದ್ರ ದಾಟಿ ಸುಮಾತ್ರಾದವರೆಗೆ ಹೋಗಿತ್ತು. ಅಲ್ಲಿನ ಬರೂಸ್‌ನಲ್ಲಿ ಸಿಕ್ಕ 1088ರ ಶಾಸನ ಹಡಗಿನ ನಾಯಕರು ತೆರಬೇಕಾದ ಬಾಬತ್ತನ್ನು ಹೇಳುತ್ತದೆ. ಆದರೆ ಅವರು ವ್ಯಾಪಾರ ಮಾಡುತ್ತಿದ್ದರು. ನೀವು ಆಡುತ್ತಿದ್ದೀರಿ. ಈ ಆಟಗಳಲ್ಲಿ ಗಿಲ್ಡ್ ಸೇರಲು ಕಂಪನಿಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ‘ಸೇರ್ಲಿಕ್ಕ ಇನ್ನೂರು ಫೋನ್‌ಪೇ ಮಾಡು’ ಎನ್ನುವವನು ನಾಯಕನಲ್ಲ, ವಸೂಲಿಗಾರ.

ಕಸ್ಟಮ್ ರೂಮ್‌ನಲ್ಲಿ ತಲೆಗೆ ಇಷ್ಟು ಕಟ್ಟಿ ಗೆದ್ದವನು ಬಾಚಿಕೊಳ್ಳುವ ಆಟಗಳಿಂದಲೂ ದೂರವಿರಿ. ಆನ್‌ಲೈನ್ ಗೇಮಿಂಗ್ ಕುರಿತು ಸಂಸತ್ತು ಒಪ್ಪಿದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದಿದೆ. ಇ-ಸ್ಪೋರ್ಟ್ಸ್‌ಗೆ ಅದು ಮಾನ್ಯತೆ ಕೊಡುತ್ತದೆ. ಹಣ ಹೂಡಿ ಹಣ ಗೆಲ್ಲುವ ಆಟವನ್ನು ನಿಷೇಧಿಸುತ್ತದೆ, ಅದು ಬುದ್ಧಿಯ ಆಟವಾಗಲಿ ಅದೃಷ್ಟದ ಆಟವಾಗಲಿ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ.

9. ಪಾಸ್‌ವರ್ಡ್, ಓಟಿಪಿ ಯಾರಿಗೂ ಇಲ್ಲ. ‘ನಿನ್ನ ಐಡಿ ಕೊಡು, ರ‍್ಯಾಂಕ್ ಏರಿಸಿಕೊಡ್ತೀನಿ’ ಎನ್ನುವ ದಾದಾಗಳು ಎಲ್ಲ ಗಿಲ್ಡ್‌ನಲ್ಲೂ ಇದ್ದಾರೆ. ಕೊಟ್ಟರೆ ಐಡಿ ಹೋಯಿತು. ಅಗ್ಗಕ್ಕೆ ಡೈಮಂಡ್, ಯುಸಿಯಂಥ ಆಟದ ನಾಣ್ಯ ಕೊಡಿಸುವೆನೆಂಬ ಲಿಂಕುಗಳೂ ಅದೇ ಜಾತಿಯವು. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಅಪ್ಪ ಬೈತಾರೆ ಅಂತ ಮುಚ್ಚಿಟ್ಟು ಕೂತವರ ದುಡ್ಡು ವಾಪಸ್ ಬರುವುದು ಕಡಿಮೆ.

10. ಆಟದ ಹೊರಗೂ ಉಳಿಯುವ ಗಿಲ್ಡ್ ಹುಡುಕಿ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. ಅದರ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂತು. ಅದೂ 2022ರ ಜುಲೈನಲ್ಲಿ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇ ಕೊನೆಗೆ ಮರಳಿತು. ಫ್ರೀ ಫೈರ್‌ಗೆ 2022ರ ಫೆಬ್ರುವರಿ 14ರಂದು ತಡೆ ಬಿತ್ತು, ಮ್ಯಾಕ್ಸ್ ಉಳಿಯಿತು. ರಾತ್ರೋರಾತ್ರಿ ಆಟ ಹೋದಾಗ ಬರೀ ಆಟದೊಳಗಿದ್ದ ಗಿಲ್ಡ್‌ಗಳು ಚದುರಿದವು, ವಾಟ್ಸ್‌ಆ್ಯಪ್ ಗುಂಪಿದ್ದವರು ಒಟ್ಟಾಗಿ ಇನ್ನೊಂದು ಆಟಕ್ಕೆ ಹೋದರು. ಮುಚ್ಚಿದ ಆಟದ ಕಳ್ಳ ಫೈಲ್ ಹಂಚುವ ಗುಂಪಾದರೆ ಮಾತ್ರ ಅದರಿಂದಲೂ ಹೊರಬನ್ನಿ. ಆ ಫೈಲಿನ ಜೊತೆ ಫೋನಿಗೆ ಇನ್ನೇನು ಬರುತ್ತದೋ ದೇವರೇ ಬಲ್ಲ.

11. ಹುಡುಗಿಯರು ಮೈಕ್ ಹಾಕಿದಾಗ ಏನಾಗುತ್ತದೆ ನೋಡಿ. ಹೆಣ್ಣುದನಿ ಕೇಳಿದ ಕೂಡಲೇ ಹೊಲಸು ಮಾತು, ನಂಬರ್ ಕೇಳುವುದು ಶುರುವಾಗಿ ನಾಯಕ ನಗುತ್ತ ಕೂತನೆಂದರೆ ಅದು ಗಂಡುಮಕ್ಕಳಿಗೂ ತಕ್ಕ ಗಿಲ್ಡ್ ಅಲ್ಲ. ಬೈದವನನ್ನು ಆ ಹೊತ್ತಿಗೇ ಹೊರಹಾಕುವ ನಾಯಕರಿದ್ದಾರೆ. ಅಂಥವರ ಗಿಲ್ಡ್ ಪಟ್ಟಿಯಲ್ಲಿ ಕೆಳಗಿದ್ದರೂ ಸೇರಿ.

12. ಹದಿನೆಂಟರ ಒಳಗಿನವರು ಮನೆಯಲ್ಲಿ ಹೇಳಿ ಸೇರಿ. ಬಿಜಿಎಂಐ ಮರಳಿದಾಗ ಈ ವಯಸ್ಸಿನವರಿಗೆ ದಿನಕ್ಕೆ ಮೂರೇ ಗಂಟೆ ಎಂಬ ಮಿತಿಯೊಂದಿಗೇ ಬಂತು. ಮಿತಿ ತಪ್ಪಿಸಲು ಅಪ್ಪನ, ಅಕ್ಕನ ನಂಬರ್ ಬಳಸುವ ಉಪಾಯ ಕಲಿಸುವ ಗಿಲ್ಡ್ ನಾಳೆ ಮತ್ತೇನನ್ನೋ ಕಲಿಸುತ್ತದೆ. ಅಪ್ಪ ಅವ್ವಂದಿರಿಗೂ ಒಂದು ಮಾತು: ‘ಬಂದ್ ಮಾಡು’ ಅಂತ ಕೂಗುವ ಮೊದಲು ಯುದ್ಧ ಎಷ್ಟಕ್ಕೆ ಮುಗಿಯುತ್ತದೆಂದು ಕೇಳಿ. ಎಂಟೂಕಾಲಕ್ಕೆ ಮುಗಿಯುವುದಾದರೆ ಎಂಟೂವರೆಗೆ ರೊಟ್ಟಿಗೆ ಕರೆಯಿರಿ, ಜಗಳ ಅರ್ಧ ಕಡಿಮೆಯಾಗುತ್ತದೆ.

13. ಬಿಡುವಾಗ ಹೇಳಿ ಬಿಡಿ. ಚಾಟ್‌ನಲ್ಲಿ ಒಂದು ಸಾಲು ಸಾಕು. ಲೀಗ್ ನಡುವೆ ಬಿಡಬೇಡಿ.

14. ಯಾವುದೂ ಹೊಂದದಿದ್ದರೆ ನೀವೇ ಕಟ್ಟಿ. ಓಣಿಯ ಇಬ್ಬರು, ಭಾಲ್ಕಿ ಬಸ್ಸಿನಲ್ಲಿ ಜೊತೆಗೆ ಬರುವ ಒಬ್ಬರು, ಪುಣೆ ಅಥವಾ ಹೈದರಾಬಾದಿಗೆ ದುಡಿಯಲು ಹೋದ ಅಣ್ಣ. ಎಲ್ಲರ ಬಿಡುವಿನ ಹೊತ್ತು ನಿಮಗೆ ಮೊದಲೇ ಗೊತ್ತು, ಕೇಳಬೇಕಾಗಿಯೇ ಇಲ್ಲ. ಸಂಜೆ ಏಳಕ್ಕೆ ಹೂಡಿ, ಮೊದಲ ಯುದ್ಧ ಸೋತರೂ ಕಳೆದುಕೊಳ್ಳುವಂಥದ್ದೇನಿಲ್ಲ. ಕ್ಲ್ಯಾಶ್‌ನಲ್ಲಿ ಯುದ್ಧ ಹೂಡಲು ಬೇಕಾದದ್ದು ಐದೇ ಮಂದಿ.