ಲಂಕೆಗೆ ಹೊರಟ ಮೈಸೂರಿನವರಿಗೆ

ಶ್ರೀಲಂಕಾ ಪ್ರವಾಸದ ಬಗ್ಗೆ ಮೈಸೂರಿನ ಓದುಗರು ಕೇಳಿದ ಪ್ರಶ್ನೆಗಳು, ಅಂಕಣಕಾರರ ಉತ್ತರಗಳು.

ಪ್ರಶ್ನೆ: ಮಕ್ಕಳಿಗೆ ರಜೆ ಇರುವುದು ದಸರೆಗೆ, ಬಿಟ್ಟರೆ ಬೇಸಿಗೆಗೆ. ಯಾವಾಗ ಹೋಗೋಣ?
– ಶಾಲಾ ಶಿಕ್ಷಕಿ, ಕುವೆಂಪುನಗರ

ಉತ್ತರ: ದಸರಾ ರಜೆ ಬೇಡ. ಅಕ್ಟೋಬರ್, ನವೆಂಬರ್‌ನಲ್ಲಿ ಇಡೀ ದ್ವೀಪಕ್ಕೆ ಮಳೆ ಹಿಡಿಯುತ್ತದೆ, ಚಂಡಮಾರುತದ ಕಾಲವೂ ಅದೇ. 2025ರ ನವೆಂಬರ್ ಕೊನೆಯಲ್ಲಿ ಅಪ್ಪಳಿಸಿದ ‘ದಿತ್ವಾ’ ನೂರಾರು ಜನರನ್ನು ಬಲಿ ತೆಗೆದುಕೊಂಡಿತು, ಬೆಟ್ಟದ ಸೀಮೆಯ ರಸ್ತೆ, ರೈಲು ಹಳಿಗಳನ್ನು ಹಾಳುಗೆಡವಿತು. ಕ್ಯಾಂಡಿಯಿಂದ ಬದುಲ್ಲಾ ಕಡೆಗೆ ಹೋಗುವ ಬೆಟ್ಟದ ರೈಲಿನ ಆಸೆಯಿದ್ದರೆ, ಹೋಟೆಲಿಗೆ ದುಡ್ಡು ಕಟ್ಟುವ ಮೊದಲು ಆ ಮಾರ್ಗ ಎಲ್ಲಿಂದ ಎಲ್ಲಿವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ.

ಲಂಕೆಗೆ ಎರಡು ಮಳೆಗಾಲ. ನಮ್ಮ ಮುಂಗಾರಿನ ಹೊತ್ತಿಗೆ, ಮೇನಿಂದ ಸೆಪ್ಟೆಂಬರ್‌ವರೆಗೆ, ಕೊಲಂಬೊ ಮತ್ತು ಗಾಲೆ ಇರುವ ನೈಋತ್ಯ ಭಾಗ ನೆನೆಯುತ್ತದೆ. ಪೂರ್ವದ ಟ್ರಿಂಕೋಮಲಿ ಬಿಸಿಲಲ್ಲಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಇದು ತಿರುವುಮುರುವು. ನಿಮಗೆ ಏಪ್ರಿಲ್ ಮೂರನೆಯ ವಾರದ ನಂತರ ಅನುಕೂಲ. ಸೆಕೆ ಇರುತ್ತದೆ, ಸಂಜೆ ಗುಡುಗು ಮಳೆಯೂ ಬರಬಹುದು. ಆದರೆ ಏಪ್ರಿಲ್ 13, 14ರ ಸುತ್ತಮುತ್ತ ಮಾತ್ರ ಹೋಗಬೇಡಿ. ಅದು ಸಿಂಹಳ–ತಮಿಳು ಹೊಸವರ್ಷ. ಅಂಗಡಿಗಳಿಗೆ ಬಾಗಿಲು, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ.

ಪ್ರಶ್ನೆ: ನಾವಿಬ್ಬರೇ, ಇಬ್ಬರಿಗೂ ಅರವತ್ತು ದಾಟಿದೆ. ಆರು ದಿನದಲ್ಲಿ ಏನೇನು ನೋಡಬಹುದು?
– ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ

ಉತ್ತರ: ಇಡೀ ದೇಶ ಕರ್ನಾಟಕದ ಮೂರನೇ ಒಂದು ಭಾಗದಷ್ಟಿದೆ ಎಂದು ನಕ್ಷೆ ನೋಡಿ ಮೋಸಹೋಗಬೇಡಿ. ಬೆಟ್ಟದ ರಸ್ತೆಯಲ್ಲಿ ಗಂಟೆಗೆ ಮೂವತ್ತು, ನಲವತ್ತು ಕಿಲೋಮೀಟರ್ ಸಾಗಿದರೆ ಹೆಚ್ಚು. ಟೂರ್ ಕಂಪನಿಯವರು ಪಟ್ಟಿ ಉದ್ದ ಮಾಡುತ್ತಾರೆ. ನೀವು ಅದಕ್ಕೆ ಮೈಸೂರಿನ ಜರಡಿ ಹಿಡಿಯಿರಿ: ನಮ್ಮಲ್ಲಿ ಇರುವುದನ್ನು ಕೈಬಿಟ್ಟು, ಇಲ್ಲದ್ದಕ್ಕೆ ಸಮಯ ಕೊಡಿ.

ಊಟಿಯನ್ನು ಹತ್ತಾರು ಸಲ ನೋಡಿದವರಿಗೆ ನುವಾರ ಎಲಿಯದ ಚಹಾ ಫ್ಯಾಕ್ಟರಿ ಹೊಸದಲ್ಲ. ಕಬಿನಿ ಹಿನ್ನೀರಿನಲ್ಲಿ ಆನೆ ಹಿಂಡು ಕಂಡವರು ಪಿನ್ನವಲದಲ್ಲಿ ಸಾಕಾನೆಗಳ ಸ್ನಾನ ನೋಡಲು ಅರ್ಧ ದಿನ ಕಳೆಯಬೇಕಿಲ್ಲ. ಆದರೆ ಸಿಗಿರಿಯಾ ನಮ್ಮಲ್ಲಿಲ್ಲ. ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಒಂಟಿ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಜಾಗ ಅದು. ಅರ್ಧ ದಾರಿಯಲ್ಲಿ ಚಿತ್ರಗಳಿರುವ ಗವಿ, ಅದರ ಪಕ್ಕ ಕನ್ನಡಿಗೋಡೆ. ಶತಮಾನಗಳ ಕಾಲ ಬಂದ ಪ್ರವಾಸಿಗರು ಆ ಗೋಡೆಯ ಮೇಲೆ ಪದ್ಯ ಗೀಚಿಹೋಗಿದ್ದಾರೆ. ವಿದ್ವಾಂಸ ಸೆನರತ್ ಪರಣವಿತಾನ ಅಂಥ 685 ಬರಹಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಮೆಟ್ಟಿಲು ಸುಮಾರು ಸಾವಿರದ ಇನ್ನೂರು. ಚಾಮುಂಡಿ ಬೆಟ್ಟವನ್ನು ನಿಂತು ನಿಂತಾದರೂ ಹತ್ತುವವರಿಗೆ ಆಗುವಂಥದ್ದೇ. ಕಬ್ಬಿಣದ ಸುರುಳಿ ಮೆಟ್ಟಿಲಲ್ಲಿ ತಲೆಸುತ್ತು ಬರುವವರಿದ್ದರೆ ಕೆಳಗಿನ ಉದ್ಯಾನವಷ್ಟೇ ಸಾಕು. ಬೆಳಿಗ್ಗೆ ಬಾಗಿಲು ತೆರೆದೊಡನೆ ಹೋಗಿ, ಬಿಸಿಲೇರಿದರೆ ಬಂಡೆ ಕಾದ ಹೆಂಚು.

ಸಿಗಿರಿಯಾ, ಹಳೆಯ ರಾಜಧಾನಿ ಪೊಲೊನ್ನರುವಕ್ಕೆ ಮೂರು ರಾತ್ರಿ, ಕ್ಯಾಂಡಿಗೆ ಎರಡು. ಗಾಲೆಯ ಡಚ್ ಕೋಟೆ ಇನ್ನೊಂದು ಸಲಕ್ಕಿರಲಿ.

ಪ್ರಶ್ನೆ: ಜಂಬೂಸವಾರಿ ನೋಡಿ ಬೆಳೆದವರು ನಾವು. ಕ್ಯಾಂಡಿಯ ಪೆರಹೆರದಲ್ಲಿ ಅಂಥದ್ದೇನಿದೆ?
– ಓದುಗರು, ಚಾಮುಂಡಿಪುರಂ

ಉತ್ತರ: ನಮ್ಮದು ಹಗಲಿನ ವೈಭವ, ಅವರದು ರಾತ್ರಿಯದು. ಜುಲೈ–ಆಗಸ್ಟ್‌ನಲ್ಲಿ ಹತ್ತು ರಾತ್ರಿ ಆ ಮೆರವಣಿಗೆ ನಡೆಯುತ್ತದೆ. ಮುಂದೆ ಚಾವಟಿ ಬೀಸುವವರು, ಹಿಂದೆ ಮದ್ದಳೆ, ಕುಣಿತ, ಕೊಬ್ಬರಿ ಉರಿಸುವ ಪಂಜುಗಳು, ಸೊಂಡಿಲಿನವರೆಗೆ ಬಟ್ಟೆ ಹೊದ್ದ ಹತ್ತಾರು ಆನೆಗಳು. ಇಲ್ಲಿ ತಾಯಿ ಚಾಮುಂಡೇಶ್ವರಿ 750 ಕಿಲೋ ಅಂಬಾರಿಯಲ್ಲಿ ಬಂದರೆ, ಅಲ್ಲಿ ಸಲಗ ಹೊರುವುದು ಬುದ್ಧನ ದಂತಧಾತುವಿನ ಕರಂಡಕದ ಪ್ರತಿರೂಪವನ್ನು. ಅದು ನಡೆಯುವ ದಾರಿಗೆ ಬಿಳಿ ಬಟ್ಟೆ ಹಾಸುತ್ತಾ ಹೋಗುತ್ತಾರೆ. ದ್ರೋಣ, ಬಲರಾಮ, ಅರ್ಜುನರನ್ನು ಹೆಸರು ಹಿಡಿದು ನೆನೆಯುವ ನಮಗೆ ಅಲ್ಲಿ ‘ರಾಜ’ ಹತ್ತಿರದವನಾಗುತ್ತಾನೆ. ದಶಕಗಳ ಕಾಲ ಕರಂಡಕ ಹೊತ್ತು 1988ರಲ್ಲಿ ಸತ್ತ ಆ ಸಲಗದ ದೇಹವನ್ನು ಕೆಡದಂತೆ ಸಂಸ್ಕರಿಸಿ ದಂತಮಂದಿರದ ಆವರಣದಲ್ಲೇ ಇಟ್ಟಿದ್ದಾರೆ.

ಮಂದಿರಕ್ಕೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. 1998ರಲ್ಲಿ ಎಲ್‌ಟಿಟಿಇ ಅಲ್ಲಿ ಬಾಂಬ್ ಸಿಡಿಸಿತ್ತು; ತಪಾಸಣೆಗೆ ಬೇಸರಿಸಬೇಡಿ. ಬುದ್ಧನ ವಿಗ್ರಹಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡರೆ ಪೊಲೀಸರವರೆಗೂ ಹೋದೀತು.

ಪ್ರಶ್ನೆ: ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಊಟಕ್ಕೆ ಕಷ್ಟವಾಗುತ್ತದೆಯೇ?
– ಓದುಗರು, ಗೋಕುಲಂ

ಉತ್ತರ: ಅನ್ನ, ಬೇಳೆಯ ‘ಪರಿಪ್ಪು’, ಎಳೆ ಹಲಸಿನ ಪಲ್ಯ, ಒತ್ತು ಶಾವಿಗೆಯಂಥ ‘ಇಂದಿಯಾಪ್ಪ’ ಎಲ್ಲೆಡೆ ಸಿಗುತ್ತವೆ. ಹುಷಾರಾಗಿರಬೇಕಾದದ್ದು ‘ಪೊಲ್ ಸಂಬೋಲ’ದ ಬಗ್ಗೆ. ತೆಂಗಿನತುರಿ, ಒಣಮೆಣಸಿನಕಾಯಿ, ಈರುಳ್ಳಿ, ನಿಂಬೆರಸ ಹಾಕಿ ಅರೆದ ಕೆಂಪು ಚಟ್ನಿ ಅದು. ನೋಡಲು ನಮ್ಮನೆಯದೇ, ಆದರೆ ಹಲವರು ಅದಕ್ಕೆ ‘ಉಂಬಲಕಡ’ ಎಂಬ ಒಣಮೀನಿನ ಪುಡಿ ಬೆರೆಸುತ್ತಾರೆ. ಪಲ್ಯಗಳಿಗೂ ಅದು ಬೀಳುತ್ತದೆ. ‘ಮಸ್, ಮಾಳು, ಉಂಬಲಕಡ ಎಪಾ’ ಎಂದರೆ ಮಾಂಸ, ಮೀನು, ಒಣಮೀನು ಬೇಡ ಎಂದಾಯಿತು. ನಿಶ್ಚಿಂತೆಯಿಂದ ಉಣ್ಣಲು ತಮಿಳರ ‘ಸೈವ’ ಹೋಟೆಲ್ ಹುಡುಕಿ. ಕೊಲಂಬೊದ ವೆಳ್ಳವತ್ತೆಯಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಅಶೋಕವನ ನಿಜವಾಗಿಯೂ ಅಲ್ಲಿದೆಯೇ?
– ಗೃಹಿಣಿ, ಅಗ್ರಹಾರ

ಉತ್ತರ: ನುವಾರ ಎಲಿಯದ ಹತ್ತಿರ ಸೀತಾ ಎಲಿಯದಲ್ಲಿ ಸೀತಮ್ಮನ ಗುಡಿಯಿದೆ, ಅದೇ ಅಶೋಕವನ ಎಂಬ ನಂಬಿಕೆ. ತೊರೆಯ ಪಕ್ಕದ ಬಂಡೆಯ ಗುಳಿಗಳನ್ನು ಹನುಮಂತನ ಹೆಜ್ಜೆ ಎಂದು ತೋರಿಸುತ್ತಾರೆ. ಪುರಾತತ್ವದ ಆಧಾರ ಕೇಳಿದರೆ ಇಲ್ಲ. ಭಕ್ತಿಯಿಂದ ಹೋಗುವವರು ಅದನ್ನು ಕೇಳಬೇಕಾಗಿಯೂ ಇಲ್ಲ. ಹಳೆಯ ಶಿವಕ್ಷೇತ್ರ ಬೇಕೆಂದರೆ ಟ್ರಿಂಕೋಮಲಿಯ ಕೋಣೇಶ್ವರಕ್ಕೆ ಹೋಗಿ. 1622ರಲ್ಲಿ ಪೋರ್ಚುಗೀಸರು ಕೆಡವಿದ ಗುಡಿ, ಕಳೆದ ಶತಮಾನದಲ್ಲಿ ಸಮುದ್ರದಂಚಿನ ಅದೇ ಬಂಡೆಯ ಮೇಲೆ ಮತ್ತೆ ಎದ್ದಿದೆ.

ಪ್ರಶ್ನೆ: ಲಂಕೆಗೂ ಕನ್ನಡನಾಡಿಗೂ ಚರಿತ್ರೆಯಲ್ಲಿ ಏನಾದರೂ ನಂಟುಂಟೇ?
– ವಿದ್ಯಾರ್ಥಿ, ಮಾನಸಗಂಗೋತ್ರಿ

ಉತ್ತರ: ಉಂಟು, ಮತ್ತು ಅದರ ನಡುವೆ ಚೋಳರಿದ್ದಾರೆ. 993ರ ಸುಮಾರಿಗೆ ಅವರು ಲಂಕೆಯ ಉತ್ತರ ಭಾಗ ಗೆದ್ದು, ಪೊಲೊನ್ನರುವಕ್ಕೆ ಜನನಾಥಮಂಗಲ ಎಂದು ಹೆಸರಿಟ್ಟು ಆಳಿದರು. ಮುಂದಿನ ದಶಕದಲ್ಲೇ ಗಂಗರ ತಲಕಾಡು ಅವರ ಕೈಸೇರಿ ರಾಜರಾಜಪುರವಾಯಿತು. ಪೊಲೊನ್ನರುವವನ್ನು ಸಿಂಹಳದ ರಾಜ ವಿಜಯಬಾಹು 1070ರಲ್ಲಿ ಬಿಡಿಸಿಕೊಂಡ. ತಲಕಾಡನ್ನು ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ. ಸಿಂಹಳದ ವಂಶಚರಿತ್ರೆ ‘ಚೂಳವಂಸ’ದಲ್ಲಿ ಇನ್ನೊಂದು ಸಂಗತಿಯಿದೆ: ವಿಜಯಬಾಹು ಕರ್ನಾಟದ ರಾಜನಿಗೆ ಉಡುಗೊರೆ ಕಳಿಸಿದಾಗ ಚೋಳರು ಆ ದೂತರ ಕಿವಿ, ಮೂಗು ಕೊಯ್ದರಂತೆ. ಆ ರಾಜ ಕಲ್ಯಾಣದ ಆರನೇ ವಿಕ್ರಮಾದಿತ್ಯ ಎನ್ನುತ್ತಾರೆ ವಿದ್ವಾಂಸರು. ಪೊಲೊನ್ನರುವದಲ್ಲಿ ‘ಶಿವ ದೇವಾಲೆ 2’ ಎಂಬ ಚೋಳರ ಕಲ್ಲುಗುಡಿ ಇಂದಿಗೂ ಗಟ್ಟಿಯಾಗಿದೆ. ಒಮ್ಮೆ ತಲಕಾಡಿಗೆ ಹೋಗಿಬಂದು ಆಮೇಲೆ ಅದನ್ನು ನೋಡಿ.

ಪ್ರಶ್ನೆ: ವೀಸಾ, ದುಡ್ಡು, ಟ್ಯಾಕ್ಸಿ ಹೇಗೆ?
– ಓದುಗರು, ವಿಜಯನಗರ

ಉತ್ತರ: ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಲಿ. ಹೊರಡುವ ಮುಂಚೆಯೇ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಇಟಿಎ ಎಂಬ ಪ್ರಯಾಣಾನುಮತಿ ಪಡೆಯಿರಿ. ಶುಲ್ಕದ ನಿಯಮ ಆಗಾಗ ಬದಲಾಗಿದೆ, ಅದೇ ವಾರ ಮತ್ತೊಮ್ಮೆ ನೋಡಿಕೊಳ್ಳಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ ಸುಮಾರು ಒಂದೂವರೆ ಗಂಟೆ. ಮೈಸೂರಿನಿಂದ ವಿಮಾನ ನಿಲ್ದಾಣದ ಫ್ಲೈಬಸ್ಸಿಗೇ ಅದಕ್ಕಿಂತ ಎರಡು ಪಟ್ಟು ಹೆಚ್ಚು ಹೊತ್ತು ಬೇಕು, ಆ ಲೆಕ್ಕದಲ್ಲಿ ಹೊರಡಿ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕಿಂತ ಹೆಚ್ಚು ಸಿಗುತ್ತದೆ. ಹೋಟೆಲ್ ಬಿಲ್ ಕಂಡು ಗಾಬರಿಯಾಗದೆ ಮೂರರಿಂದ ಭಾಗಿಸಿ. ಆಟೋಕ್ಕೆ ‘ಪಿಕ್‌ಮಿ’ ಆ್ಯಪ್ ಇದೆ. ಸಿಗಿರಿಯಾದಂಥ ಕಡೆ ವಿದೇಶಿಯರಿಗೆ ಡಾಲರ್ ಲೆಕ್ಕದ ದುಬಾರಿ ಟಿಕೆಟ್. ನಮ್ಮಂಥ ಸಾರ್ಕ್ ದೇಶದವರಿಗೆ ರಿಯಾಯಿತಿ ಉಂಟು. ಕೌಂಟರಿನಲ್ಲಿ ಅದನ್ನು ನೀವೇ ಕೇಳಿ ಪಡೆಯಬೇಕು. ಜೆರಾಕ್ಸ್ ನಂಬಿಕೊಳ್ಳದೆ ಪಾಸ್‌ಪೋರ್ಟನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ.