ಗೊತ್ತಿರುವಷ್ಟನ್ನೇ ಹೇಳುವ ಕೆಲಸ

ಕಾಫಿ ಪಲ್ಪರ್‌ಗಳ ವಿನ್ಯಾಸದಲ್ಲೇ ವೃತ್ತಿ ಮುಗಿಸಿ, ಸಿದ್ದಾಪುರಕ್ಕೆ ಮರಳಿ ತೋಟ ನೋಡಿಕೊಂಡಿದ್ದೆ. ಬೆಂಗಳೂರಿನ ಪೇಟೆಂಟ್ ದಾವೆಯೊಂದರಲ್ಲಿ ಪ್ರತಿವಾದಿಯ ಪರ ತಜ್ಞ ಸಾಕ್ಷಿಯಾಗಲು ಕರೆ ಬಂತು. ಸಿಪ್ಪೆ ಬಿಡಿಸಿದ ಬೀಜದ ಲೋಳೆಯನ್ನು ಕಡಿಮೆ ನೀರಿನಲ್ಲಿ ಉಜ್ಜಿ ತೆಗೆಯುವ ಯಂತ್ರದ ಜಗಳ ಅದು. ರಾಜಿಯಲ್ಲಿ ಮುಗಿದಿದೆ. ಆದರೆ ಅಲ್ಲಿ ಕಲಿತದ್ದು ಇತರರಿಗೂ ಉಪಯೋಗವಾದೀತು.

ಮೊದಲ ದಿನವೇ ವಕೀಲರು ಹೇಳಿದರು: “ಸರ್, ಉಲ್ಲಂಘನೆ ಆಗಿಲ್ಲ ಅಂತ ಮಾತ್ರ ಬರೆಯಬೇಡಿ. ಅದನ್ನು ತೀರ್ಮಾನಿಸೋದು ಕೋರ್ಟು.” ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೂ ತಜ್ಞನ ಕೆಲಸವಲ್ಲ. ಪೇಟೆಂಟಿನ ಕ್ಲೈಮ್‌ನಲ್ಲಿ ಬರೆದ ಒಂದೊಂದು ಅಂಶವೂ ಎದುರಿನ ಯಂತ್ರದಲ್ಲಿ ಇದೆಯೇ, ಇದ್ದರೆ ಅದೇ ಕೆಲಸ ಮಾಡುತ್ತದೆಯೇ ಎಂದು ವಿವರಿಸಬೇಕು, ಅಷ್ಟೇ.

ಅಭಿಪ್ರಾಯಕ್ಕೆ ಆಧಾರ ಬೇಕು. ಹಿಮಾಚಲದ ಸೇಬು ತೋಟಗಳ ಇಳುವರಿಯನ್ನು ಅಂದಾಜು ಮಾಡಿದ್ದ ತೋಟಗಾರಿಕೆ ಅಧಿಕಾರಿಯ ಸಾಕ್ಷ್ಯವನ್ನು ಸುಪ್ರೀಂ ಕೋರ್ಟ್ 1999ರ ಜೈ ಲಾಲ್ ಪ್ರಕರಣದಲ್ಲಿ ಒಪ್ಪಲಿಲ್ಲ. ತಜ್ಞನ ಮಾತು ಸಲಹೆ ಮಾತ್ರ. ಯಾವ ಅಳತೆಗೋಲಿನಿಂದ ಆ ತೀರ್ಮಾನಕ್ಕೆ ಬಂದನೆಂದು ತೋರಿಸಿದರೆ ಅದನ್ನು ಪರೀಕ್ಷಿಸಿ ನೋಡುವವರು ನ್ಯಾಯಾಧೀಶರು. ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಮು, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದಿರುವ ಹೊಸ ಅಧಿನಿಯಮದ 39ನೇ ಕಲಮು, ಎರಡರ ಕೆಳಗೂ ಈ ಮಾತು ನಿಲ್ಲುತ್ತದೆ.

ಪಾಟೀಸವಾಲಿನಲ್ಲಿ, ಹೀಗೆ ಲೋಳೆ ತೆಗೆದರೆ ಕಪ್ಪಿನ ರುಚಿ ಕೆಡುವುದಿಲ್ಲವೇ ಎಂಬ ಪ್ರಶ್ನೆ ಬಂತು. ರುಚಿ ನೋಡಿ ದರ್ಜೆ ಹೇಳುವವರು ಬೇರೆ, ನನಗೆ ಡ್ರಮ್ಮು, ಜರಡಿ, ನೀರಿನ ಲೆಕ್ಕ ಮಾತ್ರ ಗೊತ್ತು ಎಂದೆ. ಎದುರಿನ ವಕೀಲರಿಗೆ ಆ ದಾರಿಯಲ್ಲಿ ಕೇಳಲು ಮತ್ತೇನೂ ಉಳಿಯಲಿಲ್ಲ.

ನಮ್ಮೂರಿನವರಿಗೆ ಮುಖ್ಯವಾದ ಪಾಠ ಇನ್ನೊಂದಿದೆ. ಪೇಟೆಂಟ್ ಕಾಯ್ದೆಯ 64ನೇ ಕಲಮಿನಂತೆ, ಆದ್ಯತಾ ದಿನಾಂಕಕ್ಕೆ (ಸಾಮಾನ್ಯವಾಗಿ ಮೊದಲ ಅರ್ಜಿ ಸಲ್ಲಿಸಿದ ದಿನ) ಮೊದಲೇ ಭಾರತದಲ್ಲಿ ಜನರಿಗೆ ತಿಳಿದಿದ್ದ ಅಥವಾ ಬಳಕೆಯಲ್ಲಿದ್ದ ವಸ್ತುವಿನ ಪೇಟೆಂಟ್ ರದ್ದಾಗಬಹುದು. ಅದನ್ನು ಸಾಬೀತು ಮಾಡುವುದು ತಜ್ಞನ ಪಾಂಡಿತ್ಯದಿಂದಲ್ಲ, ಅಂಥ ಯಂತ್ರ ಕಟ್ಟಿದ ವೆಲ್ಡಿಂಗ್ ಶಾಪಿನವನ ಮಾತಿನಿಂದ, ತಾರೀಖಿರುವ ಬಿಲ್ಲಿನಿಂದ.

ತಜ್ಞರ ಸಾಲನ್ನೇ ನಿಲ್ಲಿಸಿದರೆ ಗೆಲುವೆಂಬ ಭ್ರಮೆಯೂ ಬೇಡ. ಇಷ್ಟೇ ಸಾಕ್ಷಿಗಳು ಬೇಕೆಂದು ನಮ್ಮ ಕಾನೂನು ಕೇಳುವುದಿಲ್ಲ. ಪೇಟೆಂಟ್ ಕಾಯ್ದೆಯ 115ನೇ ಕಲಮಿನಡಿ ನ್ಯಾಯಾಲಯವೇ ಸ್ವತಂತ್ರ ವೈಜ್ಞಾನಿಕ ಸಲಹೆಗಾರರನ್ನು ನೇಮಿಸಿಕೊಳ್ಳಬಹುದು. ಕಾನೂನಿನ ಅರ್ಥ ಹೇಳುವ ಪ್ರಶ್ನೆಯನ್ನು ಮಾತ್ರ ಅವರಿಗೂ ಒಪ್ಪಿಸುವಂತಿಲ್ಲ. ದೆಹಲಿ ಹೈಕೋರ್ಟಿನ 2022ರ ಪೇಟೆಂಟ್ ದಾವೆ ನಿಯಮಗಳಲ್ಲಿ ಎರಡೂ ಕಡೆಯ ತಜ್ಞರನ್ನು ಒಟ್ಟಿಗೆ ಕೂರಿಸಿ ಕೇಳುವ ವ್ಯವಸ್ಥೆ ಇದೆ. ಹಾಗೆಂದು ತಜ್ಞರೇ ಬೇಡವೆಂದಲ್ಲ. ಮಾನ್ಸಾಂಟೊ ಮತ್ತು ನುಜಿವೀಡು ಬೀಜ ಕಂಪನಿಗಳ ನಡುವಿನ ದಾವೆಯಲ್ಲಿ ಬಿಟಿ ಹತ್ತಿಯ ಪೇಟೆಂಟನ್ನು ದೆಹಲಿ ಹೈಕೋರ್ಟ್ 2018ರಲ್ಲಿ ವಿಚಾರಣೆಯಿಲ್ಲದೆ ರದ್ದು ಮಾಡಿತ್ತು. ಇಂಥ ಜಟಿಲ ವಿಷಯಕ್ಕೆ ತಜ್ಞರ ಸಾಕ್ಷ್ಯ ಬೇಕೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿ, ದಾವೆಯನ್ನು ಮರಳಿ ಕಳಿಸಿತು.

ಪಲ್ಪರಿಗೆ ಹೊಸದೇನಾದರೂ ಜೋಡಿಸುವ ಬೆಳೆಗಾರರೇ, ಮೆಕ್ಯಾನಿಕ್‌ಗಳೇ, ನಕ್ಷೆ, ಫೋಟೊ, ಬಿಲ್ಲುಗಳನ್ನು ತಾರೀಖಿನ ಸಮೇತ ಇಟ್ಟುಕೊಳ್ಳಿ. ನಾಳೆ ಕೋರ್ಟಿನಲ್ಲಿ ನನ್ನಂಥವರ ಅಭಿಪ್ರಾಯಕ್ಕಿಂತ ಆ ಕಾಗದಕ್ಕೇ ಬೆಲೆ ಹೆಚ್ಚು.